ಹವಳ ಅಕ್ವೇರಿಯಂ (ದಕ್ಷಿಣ ಬೆಂಗಳೂರು)
ಹವಳ, ಕಡಲಮೀನುಗಳನ್ನು ಉಪ್ಪುನೀರಿನ ಗಾಜಿನ ತೊಟ್ಟಿಯಲ್ಲಿ ಸಾಕುವ ಹವ್ಯಾಸ. ಎಲ್‌ಇಡಿ ದೀಪಗಳು ವಿದ್ಯುತ್ ಖರ್ಚನ್ನೂ ಬಿಸಿಯನ್ನೂ ತಗ್ಗಿಸಿದ ಮೇಲೆ ಶ್ರೀನಗರ, ಬನಶಂಕರಿಯಂಥ ಬಡಾವಣೆಗಳ ಮಧ್ಯಮವರ್ಗಕ್ಕೂ ಇದು ಎಟುಕುವಂತೆ ಕಾಣುತ್ತದೆ. ಸುಮಾರು 900 ಮೀಟರ್ ಎತ್ತರದ ಊರಿನ ತಂಪೂ ನೆರವಾಗುತ್ತದೆ. ಆದರೆ ನಿಜವಾದ ಹೊರೆ ತೊಟ್ಟಿಯ ಬೆಲೆಯಲ್ಲ, ನಿರ್ವಹಣೆ. ಲೀಟರಿಗೆ 35 ಗ್ರಾಂನಂತೆ 100 ಲೀಟರಿಗೆ ಮೂರೂವರೆ ಕಿಲೋ ಉಪ್ಪು ಬೇಕು. ವಾರಕ್ಕೆ ಹತ್ತನೇ ಒಂದು ಪಾಲು ನೀರು ಬದಲಿಸಿದರೆ ವರ್ಷಕ್ಕೆ 18 ಕಿಲೋ. ಕೊಳವೆಬಾವಿಯ ಗಡಸು ನೀರನ್ನು ಆರ್‌ಓ ಯಂತ್ರದಲ್ಲಿ ಶುದ್ಧೀಕರಿಸಲೇಬೇಕು. ಚಿಕ್ಕ ತೊಟ್ಟಿ ಅಗ್ಗವಲ್ಲವೇ ಎಂಬ ವಾದವಿದೆ. ಕಡಿಮೆ ನೀರಿನಲ್ಲಿ ಲವಣಾಂಶ, ಉಷ್ಣತೆ ಬೇಗ ಏರುಪೇರಾಗಿ ಜೀವಿಗಳು ಸಾಯುವುದರಿಂದ ಆ ಉಳಿತಾಯ ನಿಲ್ಲದು. ಮೇಲಾಗಿ ಗಟ್ಟಿ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ನಮ್ಮ ಕಡಲಿನಿಂದ ಕಿತ್ತು ತಂದ ಹವಳ ಎಷ್ಟೇ ಅಗ್ಗವಾದರೂ ಅಪರಾಧದ ಸರಕು.