ಜೂನಿಯಸ್ ಪತ್ರಗಳು: ಶೈಲಿಯ ಎಣಿಕೆಯ ಒಂದು ಚಾರಿತ್ರಿಕ ಪ್ರಸಂಗ

1769ರಿಂದ 1772ರವರೆಗೆ ಲಂಡನ್ನಿನ ‘ಪಬ್ಲಿಕ್ ಅಡ್ವರ್ಟೈಸರ್’ ಪತ್ರಿಕೆಯಲ್ಲಿ ‘ಜೂನಿಯಸ್’ ಎಂಬ ಗುಪ್ತನಾಮದಿಂದ ಪ್ರಕಟವಾದ ರಾಜಕೀಯ ಪತ್ರಗಳ ಕರ್ತೃತ್ವವು ದೀರ್ಘಕಾಲ ವಿವಾದಾಸ್ಪದವಾಗಿತ್ತು. 1962ರಲ್ಲಿ ಸ್ವೀಡನ್ನಿನ ಭಾಷಾವಿಜ್ಞಾನಿ ಆಲ್ವಾರ್ ಎಲ್ಲೆಗೋರ್ಡ್ ಈ ಪ್ರಶ್ನೆಯನ್ನು ಸಂಖ್ಯಾಶಾಸ್ತ್ರೀಯ ಪರಿಶೀಲನೆಗೆ ಒಳಪಡಿಸಿದರು. ಸಮಕಾಲೀನ ಲೇಖಕರಿಗಿಂತ ಜೂನಿಯಸ್ ಹೆಚ್ಚಾಗಿ ಅಥವಾ ಕಡಿಮೆಯಾಗಿ ಬಳಸಿದ ಪದಗಳನ್ನು ಪ್ರತ್ಯೇಕಿಸಿ, ‘ಆನ್’ ಮತ್ತು ‘ಅಪಾನ್’ಗಳಂತಹ ಸಮಾನಾರ್ಥಕಗಳ ನಡುವಣ ಆಯ್ಕೆಯನ್ನೂ ಎಣಿಸಿದರು. ಫಲಿತಾಂಶವು, 1774ರಲ್ಲಿ ಬಂಗಾಳದ ಕೌನ್ಸಿಲ್ ಸದಸ್ಯನಾಗಿ ಕಲ್ಕತ್ತೆಗೆ ಬಂದ ಫಿಲಿಪ್ ಫ್ರಾನ್ಸಿಸ್‌ನತ್ತ ಬಲವಾಗಿ ಬೊಟ್ಟುಮಾಡಿತು.

ನಮ್ಮ ದೃಷ್ಟಿಯಲ್ಲಿ ಈ ಅಧ್ಯಯನದ ಮಹತ್ವವು ಹೆಸರಿನ ನಿರ್ಣಯಕ್ಕಿಂತ ವಿಧಾನದಲ್ಲಿದೆ. ಪದದ ಆವರ್ತನವು ತಾನೇ ಶೈಲಿಯಲ್ಲ. ಅದೇ ಕಾಲದ, ಅದೇ ಪ್ರಕಾರದ ಬರಹಗಳೊಡನೆ ಹೋಲಿಸಿದಾಗ ಮಾತ್ರ ಅದು ಕರ್ತೃವಿನ ಗುರುತಾಗುತ್ತದೆ. ಪತ್ರಿಕಾಭಾಷೆಯ ಸಾಮಾನ್ಯ ರೂಢಿಯನ್ನು ಅಳೆಯದೆ ಪತ್ರಕರ್ತನ ವ್ಯಕ್ತಿಶೈಲಿಯನ್ನು ನಿರ್ಧರಿಸಲಾಗದೆಂದು ನಾವು ಭಾವಿಸುತ್ತೇವೆ.