ಕಾರಲ್ಲಿ ನಾಯಿಮರಿ ಗಲೀಜು: ಟಿನ್ ಫ್ಯಾಕ್ಟರಿ ಸೇರೋ ಮುಂಚೆ ಇದು ಗೊತ್ತಿರಲಿ

ಕೆ.ಆರ್.ಪುರ: ಮನೆಯಲ್ಲಿ ಒಂದು ಹನಿ ಬೀಳಿಸದ ಮರಿ ಕಾರು ಹತ್ತಿದ ಕೂಡಲೇ ಸೀಟು ಒದ್ದೆ ಮಾಡುತ್ತದೆ. ಇದು ಹಟ ಅಲ್ಲ. ಮನೆಯಲ್ಲಿ ಬಾಗಿಲ ಹತ್ತಿರ ಹೋಗಿ ಕೇಳೋದು ಅದಕ್ಕೆ ಗೊತ್ತು, ಕಾರಲ್ಲಿ ಹೇಗೆ ಕೇಳಬೇಕು ಅಂತ ಗೊತ್ತಿಲ್ಲ. ಜತೆಗೆ ಭಯ, ತಲೆಸುತ್ತು.

ಮೂತ್ರ ತಡೆಯೋದು ವಯಸ್ಸಿನ ತಿಂಗಳಿಗೆ ಒಂದು ಗಂಟೆ ಅನ್ನೋದು ಅಂದಾಜು ಲೆಕ್ಕ. 3 ತಿಂಗಳ ಮರಿಗೆ 3 ಗಂಟೆ, ಹೆದರಿದ್ದರೆ ಇನ್ನೂ ಕಡಿಮೆ. ಹೊಸಕೋಟೆ ಕಡೆಯಿಂದ ಬಂದು ತೂಗು ಸೇತುವೆ ದಾಟಿ, ರಿಂಗ್ ರೋಡ್ ಗಾಡಿಗಳೂ ಸೇರುವ ಟಿನ್ ಫ್ಯಾಕ್ಟರಿಯಲ್ಲಿ ಸಿಕ್ಕಿಕೊಂಡರೆ ಪಕ್ಕಕ್ಕೆ ಹಾಕೋಕೂ ಜಾಗ ಸಿಗಲ್ಲ. ನಿಲ್ಲಿಸೋದಿದ್ದರೆ ಸೇತುವೆಗೆ ಮೊದಲೇ ನಿಲ್ಲಿಸಿ. ಊಟ ಹೊರಡುವ 3-4 ಗಂಟೆ ಮುಂಚೆ ಮುಗಿಯಲಿ. ನೀರು ಮಾತ್ರ ತಪ್ಪಿಸಬೇಡಿ.

ಆದರೆ ಲಸಿಕೆ ಪೂರ್ತಿ ಆಗದ ಮರಿಯನ್ನು ರಸ್ತೆ ಬದಿ ಇಳಿಸಲೇಬೇಡಿ. ಸೋಂಕಿತ ನಾಯಿಯ ಮಲದಿಂದ ಬರುವ ಪಾರ್ವೊ ವೈರಸ್ ಮಣ್ಣಲ್ಲಿ ತಿಂಗಳುಗಟ್ಟಲೆ ಉಳಿಯುತ್ತೆ. ವಾಂತಿ, ರಕ್ತಭೇದಿ ಶುರುವಾದರೆ ಮರಿ ಎರಡು ಮೂರು ದಿನದಲ್ಲೇ ಸಾಯಬಹುದು. ಅದಕ್ಕಿಂತ ಸೀಟು ಹಾಳಾಗೋದೇ ವಾಸಿ. ಇಂಥ ಮರಿಗೆ ಬುಟ್ಟಿಯಲ್ಲಿ ಪೀ ಪ್ಯಾಡ್ ಹಾಸಿ, ಇಲ್ಲದಿದ್ದರೆ ಹಳೇ ಪೇಪರ್ ಸಾಕು.

ಒದ್ದೆಯಾದರೆ ಉಜ್ಜಬೇಡಿ, ಬಟ್ಟೆ ಒತ್ತಿ ಹೀರಿಸಿ. ಆಮೇಲೆ ಪೆಟ್ ಶಾಪ್‌ನಲ್ಲಿ ಸಿಗುವ ಎಂಜೈಮ್ ಕ್ಲೀನರ್ ಹಾಕಿ. ವಾಸನೆ ಉಳಿದರೆ ಮರಿ ಮತ್ತೆ ಅಲ್ಲೇ ಮಾಡುತ್ತೆ. ಫಿನಾಯಿಲ್ ಬೇಡ, ನೆಕ್ಕಿದರೆ ವಿಷ. ಬೈದರೆ ಕಾರು ಅಂದರೇ ಹೆದರುತ್ತೆ.

ಮನೆಯಲ್ಲೂ ಪದೇ ಪದೇ ಸ್ವಲ್ಪ ಸ್ವಲ್ಪ ಹೋಗ್ತಿದ್ದರೆ ಮೂತ್ರದ ಸೋಂಕು ಇರಬಹುದು, ಪಶುವೈದ್ಯರಿಗೆ ತೋರಿಸಿ.