ಒಲೆ ಕಟ್ಟಿದ್ರು, ಪೈಪು ಗುಡಿಸೋರು ಯಾರು?

ಚಿಮಣಿ ಅಂದ ತಕ್ಷಣ ನಿಮಗೆ ಗ್ಯಾಸ್ ಸ್ಟವ್ ಮೇಲೆ ಗುಂಯ್ ಅನ್ನೋ ಸ್ಟೀಲ್ ಪೆಟ್ಟಿಗೆ ನೆನಪಾಗಬಹುದು. ಜಗಳೂರಿನ ನಮ್ಮಜ್ಜಿಗೆ ಚಿಮಣಿ ಅಂದ್ರೆ ಸೀಮೆಎಣ್ಣೆ ಬುಡ್ಡಿ. ಹೊಗೆ ಹೋಗೋ ಕೊಳವೆಗೆ ಅವಳ ಹತ್ರ ಹೆಸರೇ ಇರಲಿಲ್ಲ. ಮಣ್ಣಿನ ಮಾಳಿಗೆ ಮನೆಯಲ್ಲಿ ಇದ್ದದ್ದು ಒಂದು ಬೆಳಕಿಂಡಿ. ಬೆಳಕು ಒಳಗೆ ಬರೋಕೂ ಹೊಗೆ ಹೊರಗೆ ಹೋಗೋಕೂ ಅದೊಂದೇ ದಾರಿ. ಮಳೆ ಬಂದ್ರೆ ಅದೂ ಬಂದ್. ಹೊಗೆ ಹಿಡಿದ ತೊಲೆಗೆ ಗೆದ್ದಲು ಹತ್ತಲ್ಲ ಅಂತ ಅಜ್ಜಿ ಹೊಗೆ ಪರವಾಗಿಯೇ ವಾದ ಮಾಡ್ತಿದ್ಲು, ಸೆರಗಲ್ಲಿ ಕಣ್ಣೊರೆಸಿಕೊಳ್ತಾ.

ಈ ಹೊಗೆಗೊಂದು ದಾರಿ ಮಾಡಿಕೊಡಲು ಹೊರಟವರು ಬೆಂಗಳೂರಿನ ವಿಜ್ಞಾನಿಗಳು. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಅವರ ಮುಂದಾಳತ್ವದಲ್ಲಿ ‘ಅಸ್ತ್ರ’ ಕೇಂದ್ರ ಶುರುವಾಯ್ತು. 80ರ ದಶಕದ ಆರಂಭದಲ್ಲಿ ಅಲ್ಲಿಂದ ಬಂದದ್ದೇ ಅಸ್ತ್ರ ಒಲೆ: ಮೂರು ಪಾತ್ರೆ ಕೂರುವ ಒಲೆ, ಒಳಗೆ ಜಾಲರಿ, ಹಿಂದೆ ಸೂರು ದಾಟುವ ಪೈಪು. ಹಳೇ ಒಲೆಯಲ್ಲಿ ಸೌದೆಯ ಶಾಖದ ಹತ್ತರಲ್ಲೊಂದು ಪಾಲು ಪಾತ್ರೆಗೆ ಮುಟ್ಟಿದರೆ, ಇದರಲ್ಲಿ ಪ್ರಯೋಗಾಲಯದ ಲೆಕ್ಕ ಶೇ. 40ರ ಆಸುಪಾಸು. 1983ರಲ್ಲಿ ಕೇಂದ್ರ ಸರ್ಕಾರ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನೂ ಆರಂಭಿಸಿತು. 2002ರಲ್ಲಿ ಅದು ನಿಲ್ಲುವಷ್ಟರಲ್ಲಿ ದೇಶದಲ್ಲಿ 3 ಕೋಟಿಗೂ ಹೆಚ್ಚು ಒಲೆ ಕಟ್ಟಿಯಾಗಿತ್ತು.

ಆಮೇಲೆ? ಎಷ್ಟೋ ಒಲೆಗಳನ್ನು ಮನೆಯವರೇ ಒಡೆದು ಹಾಕಿದ್ರು. ಕೆಲವು ಕಡೆ ಸೌದೆಯನ್ನು ಸಣ್ಣಗೆ ಸೀಳೋದೇ ತಲೆನೋವು. ಹೆಂಚು ತೂತು ಮಾಡಿ ಪೈಪು ಇಟ್ಟಲ್ಲಿ ಮಳೆಗಾಲಕ್ಕೆ ಸೋರಿಕೆ. ಆದ್ರೆ ನನ್ನ ಪ್ರಕಾರ ದೊಡ್ಡ ತಪ್ಪು ಬೇರೆ. ಬಿಸಿ ಹೊಗೆ ಹಗುರ, ಮೇಲೇರುತ್ತೆ. ಏರುವಾಗ ಒಲೆ ಬಾಯಿಂದ ಹೊಸ ಗಾಳಿ ಎಳೆಯುತ್ತೆ. ಪೈಪಲ್ಲಿ ಮಸಿ ಕಟ್ಟಿದ್ರೆ ಆ ಎಳೆತ ಸಾಯುತ್ತೆ, ಹೊಗೆ ವಾಪಸ್ ಅಡುಗೆಮನೆಗೇ. ದುಡ್ಡು ಬಂದದ್ದು ಒಲೆ ಕಟ್ಟೋಕೆ, ಗುಡಿಸೋಕಲ್ಲ. ಹೊಗೆ ಕುಡಿಯೋಳು ಸೂರು ಹತ್ತಲ್ಲ, ಸೂರು ಹತ್ತೋನು ಹೊಗೆ ಕುಡಿಯಲ್ಲ. ಈ ಲೆಕ್ಕ ಯಾವ ಪ್ರಯೋಗಾಲಯದಲ್ಲೂ ಸಿಗಲ್ಲ ಬಿಡಿ.

2016ರಲ್ಲಿ ಉಜ್ವಲಾ ಬಂತು, ಅಡುಗೆ ಗ್ಯಾಸಿಗೆ ಹೋಯ್ತು. ಆದ್ರೆ ಚನ್ನಗಿರಿ, ಹೊನ್ನಾಳಿ ಕಡೆ ಇವತ್ತಿಗೂ ಬಚ್ಚಲ ಹಂಡೆ ಒಲೆಗೆ ತೆಂಗಿನ ಗರಿ, ಅಡಿಕೆ ಹಾಳೆ. ಆ ಪೈಪನ್ನು ನೋಡೋರು ಯಾರು?

ಕಳೆದ ಮಳೆಗಾಲ ನ್ಯಾಮತಿಯ ಚಿಕ್ಕಮ್ಮ ಸ್ನಾನಕ್ಕೆ ಹೋದವರು ಎಷ್ಟು ಕೂಗಿದ್ರೂ ಓಗೊಡಲಿಲ್ಲ. ತಮ್ಮ ಚಿಲಕ ಮುರಿದು ಎತ್ತಿಕೊಂಡು ಅಂಗಳಕ್ಕೆ ತಂದ. ಗಾಳಿಗೆ ಬಂದ ಮೇಲೆ ಕಣ್ಣು ಬಿಟ್ರು. ಹೊಗೆ ಜಾಸ್ತಿ ಇರಲಿಲ್ಲ, ಬರೀ ಕೆಂಡ ಇತ್ತು ಅಂತಾರೆ. ಅದೇ ಮೋಸ. ಕೆಂಡದಿಂದ ಬರೋ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ತಲೆಸುತ್ತು ಬಂದ್ರೆ ಮೊದಲು ಹೊರಗೆ ಓಡಬೇಕು, ಆಮೇಲೆ ಆಸ್ಪತ್ರೆ. ಕಿಟಕಿ ಮುಚ್ಚಿ ಬೆಂಕಿ ಹಾಕಲೇಬಾರದು.

ಪೈಪು ಬಿಚ್ಚಿದ್ರೆ ಒಳಗೆ ಹಕ್ಕಿ ಗೂಡು. ಈಗ ಮಳೆಗಾಲಕ್ಕೆ ಮುಂಚೆ, ಒಲೆ ಪೂರ್ತಿ ಆರಿದ ಮೇಲೆ, ತಮ್ಮ ಹಗ್ಗಕ್ಕೆ ಗೋಣಿಚೀಲದ ಉಂಡೆ ಕಟ್ಟಿ ಮೇಲಿಂದ ಇಳಿಬಿಡ್ತಾನೆ. ಪೈಪಿನ ಬಾಯಿಗೆ ತಂತಿ ಬಲೆ ಹಾಕಿದ್ದಾನೆ. ಚಿಕ್ಕಮ್ಮ ಕೆಳಗೆ ಏಣಿ ಹಿಡಿದು ನಿಂತು, ‘ಎಷ್ಟು ಬಂತೋ?’ ಅಂತ ಕೇಳ್ತಾರೆ. ಮೊದಲ ಸಲ ಅರ್ಧ ಬಕೆಟ್ ಮಸಿ ಬಿತ್ತು.